ಸಾರು ಚೆಲ್ಲಿದ ಗೆರೆ ಕೆಂಪಾದದ್ದೇಕೆ?

ಬೇಸಿಗೆ ರಜೆಗೆ ಅಣ್ಣನ ಮಗಳು ನಮ್ಮ ಮನೆಗೆ ಬಂದಿದ್ದಳು. ಆರನೇ ಕ್ಲಾಸು ಮುಗಿಸಿದ ಹುಡುಗಿ. ಒಂದು ಮಧ್ಯಾಹ್ನ ತಾನೇ ಬಡಿಸುತ್ತೇನೆಂದು ಹೊರಟವಳು ಒಂದು ಸೌಟು ಸಾರನ್ನು ಅಡುಗೆಮನೆಯ ನೆಲಕ್ಕೆ ಚೆಲ್ಲಿದಳು. ಯಾರೂ ಬೈಯಲಿಲ್ಲ. ಊಟವಾದ ಮೇಲೆ ಒರೆಸಿದರಾಯಿತು ಅಂದುಕೊಂಡೆವು. ಅರ್ಧ ಗಂಟೆ ಕಳೆದು ಒದ್ದೆ ಬಟ್ಟೆ ಆಡಿಸಿದಾಗ ಟೈಲ್ಸ್ ಮೊದಲಿನಂತೆ ಬೆಳ್ಳಗಾಯಿತು. ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ಮಾತ್ರ ಗೇಣುದ್ದದ ಹಳದಿ ಗೆರೆ ಉಳಿದುಕೊಂಡಿತು.

ಅವಳು ಬಟ್ಟೆ ಸೋಪು ತಂದು ತಿಕ್ಕಿದಳು. ಮರುಕ್ಷಣವೇ ಕೂಗು ಕೇಳಿಸಿತು: "ಅತ್ತೇ, ಬೇಗ ಬಾ! ನೆಲಕ್ಕೆ ರಕ್ತ ಬಂದಿದೆ!"

ಓಡಿಹೋಗಿ ನೋಡಿದರೆ ಹಳದಿ ಗೆರೆ ಕೆಂಪಾಗಿತ್ತು. ನನಗಿಂತ ಮೊದಲು ಅಲ್ಲಿಗೆ ಬಂದಿದ್ದ ಅಜ್ಜಿ ಬಗ್ಗಿ ನೋಡಿ, "ರಕ್ತ ಅಲ್ಲ ಕಣೇ, ಓಕುಳಿ ಆಗಿದೆ. ಆರತಿ ತಟ್ಟೇಲಿ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕ್ತೀವಲ್ಲ, ಅದೇ ಇದು" ಅಂದರು.

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವಿನ ಹೆಸರು ಕರ್ಕ್ಯುಮಿನ್. ವೋಗೆಲ್ ಮತ್ತು ಪೆಲ್ಲೆಟಿಯರ್ ಎಂಬ ಇಬ್ಬರು 1815ರಲ್ಲಿ ಅದನ್ನು ಅರಿಶಿನದಿಂದ ಬೇರ್ಪಡಿಸಿದರು. ಅದರ ಅಣುವಿನ ರಚನೆ ಹೇಗಿದೆ ಎಂದು ತಿಳಿಯಲು 1910ರ ತನಕ ಕಾಯಬೇಕಾಯಿತು. ಈ ಕರ್ಕ್ಯುಮಿನ್‌ಗೆ ಒಂದು ಗುಣವಿದೆ. ಹುಳಿಯ ಜೊತೆಯಲ್ಲಿದ್ದಾಗ ಅದು ಹಳದಿ, ಕ್ಷಾರದ ಜೊತೆ ಸೇರಿದರೆ ಕೆಂಪು. ಸುಣ್ಣ ಕ್ಷಾರ. ಬಟ್ಟೆ ಸೋಪೂ ಕ್ಷಾರ. ಕೆಂಪಾದ ಕಲೆಯ ಮೇಲೆ ನಾಲ್ಕು ಹನಿ ಹುಣಸೆ ನೀರು ಬಿಟ್ಟರೆ ಅದು ಮತ್ತೆ ಹಳದಿಗೆ ತಿರುಗುತ್ತದೆ. ನಮ್ಮ ಹುಡುಗಿ ಇದನ್ನು ಒಂದು ತಟ್ಟೆಯಲ್ಲಿ ಐದಾರು ಸಲ ಮಾಡಿ ನೋಡಿದಳು, ಒಂದೊಂದು ಸಲವೂ ಹೊಸದಾಗಿ ನೋಡುತ್ತಿರುವಂತೆ ಕಣ್ಣರಳಿಸಿದಳು.

ಕೆಂಪಾದದ್ದು ಕಂಡು ಹೆದರಬೇಕಿಲ್ಲ. ತಣ್ಣೀರಿಗೆ ಹೆಚ್ಚುಕಡಿಮೆ ಕರಗದ ಕರ್ಕ್ಯುಮಿನ್, ಕ್ಷಾರ ಸೇರಿದ ನೀರಿನಲ್ಲಿ ಸ್ವಲ್ಪ ಚೆನ್ನಾಗಿಯೇ ಕರಗುತ್ತದೆ. ಹಾಗಾಗಿ ಕೆಂಪು ನೀರು ಕಂಡ ಕೂಡಲೇ ಒಣ ಬಟ್ಟೆ ಒತ್ತಿ ಅದನ್ನು ಹೀರಿಸಿಬಿಡಬೇಕು. ನಾವು ಹಾಗೆ ಮಾಡಿದಾಗ ಬಟ್ಟೆ ಕೆಂಪಾಯಿತು, ಗೆರೆ ತುಸು ತಿಳಿಯಾಯಿತು. ಪೂರ್ತಿ ಹೋಗಲಿಲ್ಲ.

"ಟೈಲ್ಸ್ ಮೇಲೆ ಇಲ್ಲದ ಕಲೆ ಗೆರೆಯಲ್ಲಿ ಮಾತ್ರ ಯಾಕೆ?" ಎಂದು ಅವಳು ಕೇಳಿದಳು. ಇಡೀ ವಿಷಯದ ಬೀಗದ ಕೈ ಇರುವುದು ಈ ಪ್ರಶ್ನೆಯಲ್ಲೇ.

ಟೈಲ್ಸ್ ಮೇಲ್ಮೈಗೆ ಗಾಜಿನಂಥ ಮೆರುಗು ಕೊಟ್ಟಿರುತ್ತಾರೆ. ಗಾಜಿನ ಲೋಟದ ಗೋಡೆಯೊಳಗೆ ನೀರು ಇಳಿಯುತ್ತದೆಯೇ? ಇಲ್ಲ. ಹಾಗೆಯೇ ಟೈಲ್ಸ್ ಒಳಗೂ ಸಾರು ಇಳಿಯುವುದಿಲ್ಲ, ಮೇಲೆಯೇ ಕುಳಿತಿರುತ್ತದೆ. ನಡುವಿನ ಸಂದಿಯ ಕಥೆ ಬೇರೆ. ಗಾರೆ ಕೆಲಸದವರು ಆ ಸಂದಿಗೆ ಸಿಮೆಂಟಿನ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬುತ್ತಾರೆ, ಅದನ್ನು ಗ್ರೌಟ್ ಎನ್ನುತ್ತಾರೆ. ಕಲಸಿದ ನೀರಿನಲ್ಲಿ ಒಂದು ಪಾಲು ಸಿಮೆಂಟಿನೊಡನೆ ಸೇರಿ ಕಲ್ಲಾಗುತ್ತದೆ, ಮಿಕ್ಕಿದ್ದು ಆರಿಹೋಗುತ್ತದೆ. ನೀರು ಆರಿದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿಯುತ್ತವೆ. ಗಟ್ಟಿ ಗೆರೆಯಂತೆ ಕಾಣುವ ಗ್ರೌಟ್ ನಿಜಕ್ಕೂ ಒಂದು ಕಲ್ಲಿನ ಸ್ಪಂಜು.

ಮಣ್ಣಿನ ಮಡಕೆಯನ್ನು ನೆನಪಿಸಿಕೊಳ್ಳಿ. ಒಳಗೆ ತುಂಬಿದ ನೀರು ಹೊರಮೈಯಲ್ಲಿ ಜಿನುಗುತ್ತದೆ, ಆ ಜಿನುಗು ಆರುವಾಗ ನೀರು ತಣ್ಣಗಾಗುತ್ತದೆ. ಮಡಕೆಯಲ್ಲಿ ನಮಗೆ ಬೇಕಾದ ರಂಧ್ರಗಳೇ ಅಡುಗೆಮನೆಯ ನೆಲದಲ್ಲಿ ಬೇಡವಾಗುತ್ತವೆ. ಇಷ್ಟು ಸಣ್ಣ ಕೊಳವೆಯೊಳಗೆ ನೀರನ್ನು ಯಾರೂ ತಳ್ಳಬೇಕಿಲ್ಲ, ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತಾ ತಾನೇ ನುಗ್ಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಹೀಗೆಯೇ. ಒಂದು ತುಂಡು ಸೀಮೆಸುಣ್ಣವನ್ನು ಬಣ್ಣದ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಬಣ್ಣ ಏರುವುದನ್ನು ನಿಮ್ಮ ಕಣ್ಣಾರೆ ನೋಡಬಹುದು. ನಾವು ಊಟ ಮಾಡಿದ ಆ ಅರ್ಧ ಗಂಟೆಯಲ್ಲಿ ಸಾರು ಗ್ರೌಟಿನೊಳಗೆ ಇದೇ ಕೆಲಸ ಮಾಡಿತ್ತು. ಚೆಲ್ಲಿದ ತಕ್ಷಣ ಒರೆಸಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ!

ಅಷ್ಟರಲ್ಲಿ ಅಜ್ಜಿ ನಿಂಬೆಹಣ್ಣಿನ ಹೋಳು ತಂದರು. ಹಿತ್ತಾಳೆ ಪಾತ್ರೆ ಥಳಥಳ ಹೊಳೆಯುವುದು ಹುಳಿಯಿಂದಲ್ಲವೇ, ನೆಲಕ್ಕೂ ಆಗಬಹುದು ಎಂಬುದು ಅವರ ಲೆಕ್ಕ. ರಸ ಬಿದ್ದಲ್ಲಿ ಗೆರೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. "ಕೊಳೆ ಮೇಲೆ ಬರ್ತಿದೆ!" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

ನಾನು ತಡಮಾಡದೆ ನೀರು ಸುರಿದೆ. ಮೇಲೆ ಬರುತ್ತಿದ್ದದ್ದು ಕೊಳೆಯಲ್ಲ, ಗ್ರೌಟ್ ತಾನೇ ಕರಗುತ್ತಿತ್ತು. ಸಿಮೆಂಟಿನಲ್ಲಿ ಸುಣ್ಣದ ಅಂಶ ತುಂಬಾ ಇರುತ್ತದೆ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹುಳಿ ತಾಗಿದಾಗ ಕಾರ್ಬೊನೇಟ್ ಒಡೆದು, ಒಳಗೆ ಸೇರಿದ್ದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಮೊಟ್ಟೆಯ ಚಿಪ್ಪೂ ಅದೇ ವಸ್ತು. ಒಂದು ಲೋಟ ವಿನೆಗರ್‌ನಲ್ಲಿ ಮೊಟ್ಟೆಯನ್ನು ಮುಳುಗಿಸಿಟ್ಟರೆ ಒಂದೆರಡು ದಿನದಲ್ಲಿ ಚಿಪ್ಪು ಕರಗಿ, ಬರೀ ಪೊರೆಯ ಚೀಲದಂತೆ ಮೊಟ್ಟೆ ಉಳಿಯುತ್ತದೆ. ಒಮ್ಮೆ ಬಿದ್ದ ನಿಂಬೆರಸದಿಂದ ನೆಲ ಹಾಳಾಗದು. ಆದರೆ ವಾರವಾರವೂ ಹುಳಿ ಹಾಕಿ ತಿಕ್ಕಿದರೆ ಗ್ರೌಟ್ ಸವೆಯುತ್ತದೆ, ರಂಧ್ರಗಳು ದೊಡ್ಡದಾಗುತ್ತವೆ, ಮುಂದಿನ ಸಾರು ಇನ್ನೂ ಆಳಕ್ಕೆ ಇಳಿಯುತ್ತದೆ. ಬಚ್ಚಲಿಗೆ ಸುರಿಯುವ ಅಂಗಡಿಯ ಆಸಿಡ್ ಮಾಡುವುದೂ ಇದನ್ನೇ, ಹತ್ತಾರು ಪಟ್ಟು ಬಿರುಸಾಗಿ. ಟೈಲ್ಸ್ ಹಾಕಿದ ನೆಲಕ್ಕೆ ಆಸಿಡ್ ಬೇಡವೇ ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಸುರಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ, ನೋಡಲು ಚೆಂದ. ಆದರೆ ಕ್ಷಾರವಾದ ಸೋಡಾ, ಹುಳಿಯಾದ ವಿನೆಗರ್ ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಮುಗಿಸಿಬಿಡುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಸಪ್ಪೆ ಉಪ್ಪುನೀರಿನಂಥ ದ್ರವ. ಅದರಿಂದ ಕಲೆ ಅಲುಗುವುದಿಲ್ಲ.

ಹಾಗಾದರೆ ನಮ್ಮ ಹಳದಿ ಗೆರೆ? ಔಷಧದ ಅಂಗಡಿಯಲ್ಲಿ ಕಂದು ಬಣ್ಣದ ಬಾಟಲಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ಫ್ರಾನ್ಸಿನ ಥೆನಾರ್ 1818ರಲ್ಲಿ ಕಂಡುಹಿಡಿದ ವಸ್ತು ಇದು. ನೀರಿನ ಅಣುವಿಗೆ ಇನ್ನೊಂದು ಆಮ್ಲಜನಕದ ಪರಮಾಣು ಸೇರಿಸಿದರೆ ಆಗುವುದೇ ಇದು. ಆ ಹೆಚ್ಚಿನ ಆಮ್ಲಜನಕ ಅಲ್ಲಿ ಭದ್ರವಾಗಿ ನಿಲ್ಲದು, ಬಿಟ್ಟುಹೋಗಲು ಸದಾ ತವಕಿಸುತ್ತಿರುತ್ತದೆ. ಬೆಳಕು ಬಿದ್ದರೂ ಸಾಕು, ಬಿಡುಗಡೆಯಾಗುತ್ತದೆ. ಬಾಟಲಿ ಕಂದಾಗಿರುವುದು ಅದಕ್ಕೇ.

ಕರ್ಕ್ಯುಮಿನ್ ಅಣುವಿನಲ್ಲಿ 21 ಇಂಗಾಲ, 20 ಹೈಡ್ರೋಜನ್, 6 ಆಮ್ಲಜನಕದ ಪರಮಾಣುಗಳಿವೆ. ಅವು ಕೈಕೈ ಹಿಡಿದ ಮಕ್ಕಳ ಸಾಲಿನಂತೆ ಉದ್ದಕ್ಕೆ ಜೋಡಿಸಿಕೊಂಡಿವೆ. ಬೆಳಕಿನಲ್ಲಿರುವ ನೀಲಿಯನ್ನು ಈ ಸಾಲು ನುಂಗುತ್ತದೆ, ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ನಡುವೆ ಎಲ್ಲೋ ಒಂದು ಕೈ ಬಿಡಿಸಿದರೆ ಸಾಲು ತುಂಡಾಗುತ್ತದೆ, ನೀಲಿ ನುಂಗುವ ಶಕ್ತಿ ಹೋಗುತ್ತದೆ, ಬಣ್ಣ ಮಾಯವಾಗುತ್ತದೆ. ಪೆರಾಕ್ಸೈಡ್ ಆ ಕೈ ಬಿಡಿಸುತ್ತದೆ. ಅಂದರೆ ಕಲೆಯ ಚೂರುಗಳು ಸ್ವಲ್ಪಮಟ್ಟಿಗೆ ಅಲ್ಲೇ ಇದ್ದರೂ ಇರಬಹುದು, ಬಣ್ಣ ಮಾತ್ರ ಇರುವುದಿಲ್ಲ.

ಕೈಗವಸು ಹಾಕಿಕೊಂಡು, ಅಡುಗೆ ಸೋಡಾವನ್ನು ಪೆರಾಕ್ಸೈಡಿನಲ್ಲಿ ದೋಸೆ ಹಿಟ್ಟಿನಷ್ಟು ಮಂದವಾಗಿ ಕಲಸಿ ಗೆರೆಯ ಮೇಲೆ ಹಚ್ಚಿದೆ. ಸೋಡಾ ಕ್ಷಾರವಾದ್ದರಿಂದ ಪೆರಾಕ್ಸೈಡ್ ಚುರುಕಾಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ಗೆರೆ ಬೆಳ್ಳಗಾಯಿತು. ಇದು ದೊಡ್ಡವರು ಮಾಡುವ ಕೆಲಸ, ನೀವು ಪಕ್ಕದಲ್ಲಿ ನಿಂತು ನೋಡಿ. ನಿಮ್ಮ ಮನೆಯ ಗ್ರೌಟ್ ಬಣ್ಣದ್ದಾಗಿದ್ದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಲು ಅವರಿಗೆ ಹೇಳಿ.

ಎಲ್ಲ ಕಲೆಗೂ ಇದೇ ಮದ್ದಲ್ಲ. ಎಣ್ಣೆ ಜಿಡ್ಡಿಗೆ ಸೋಪು ಬೇಕು, ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುತ್ತದೆ. ಗ್ಯಾಸ್ ಸಿಲಿಂಡರ್ ಇಟ್ಟ ಕಡೆ ಮೂಡುವ ಕಂದು ಬಳೆ ಕಬ್ಬಿಣದ ತುಕ್ಕು. ಅದು ಆಗಲೇ ಆಮ್ಲಜನಕದ ಜೊತೆ ಸೇರಿಬಿಟ್ಟಿರುವುದರಿಂದ ಪೆರಾಕ್ಸೈಡಿಗೆ ಮಣಿಯುವುದಿಲ್ಲ. ಬಚ್ಚಲುಮನೆಯ ಸಂದಿಯ ಕಪ್ಪು ಚುಕ್ಕೆಗಳಂತೂ ಜೀವಂತ ಬೂಷ್ಟು. ಕಿಟಕಿ ತೆಗೆದು ನೆಲ ಒಣಗಿಸದೆ ಹೋದರೆ ಎಷ್ಟು ತಿಕ್ಕಿದರೂ ಮತ್ತೆ ಬೆಳೆಯುತ್ತದೆ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎಂದಿಗೂ ಒಟ್ಟಿಗೆ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1774ರಲ್ಲಿ ಷೀಲೆ ಎಂಬ ವಿಜ್ಞಾನಿ ಮೊದಲ ಬಾರಿಗೆ ತಯಾರಿಸಿದ, ಹಸಿರು ಹಳದಿ ಬಣ್ಣದ, ಉಸಿರಾಟಕ್ಕೆ ತುಂಬಾ ಅಪಾಯಕಾರಿಯಾದ ಅನಿಲ ಅದು. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲದು. ಮನೆಯಲ್ಲಿ ಯಾರಾದರೂ ಎರಡನ್ನೂ ಒಟ್ಟಿಗೆ ಹಾಕುವುದು ಕಂಡರೆ ಕೂಡಲೇ ತಡೆಯಿರಿ. ದೊಡ್ಡವರಾದರೂ ಸರಿ, ಹೇಳಿ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಆ ದಿನ ಸಾರಿನ ಕೆಲವು ಹನಿಗಳು ದೂರ ಸಿಡಿದಿದ್ದವು. ನಾವು ಗಮನಿಸಿರಲಿಲ್ಲ. ವಾರ ಕಳೆದ ಮೇಲೆ ಹುಡುಗಿಯ ಕಣ್ಣಿಗೆ ಬಿತ್ತು: ಒಲೆಯ ಕಟ್ಟೆಯ ಕೆಳಗಿನ ಕತ್ತಲಲ್ಲಿ ಸಿಡಿದ ಹನಿ ಹಾಗೇ ಹಳದಿಯಾಗಿತ್ತು, ಕಿಟಕಿಯ ಬಿಸಿಲು ಬೀಳುವ ಕಡೆ ಸಿಡಿದದ್ದು ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಕೈಕೈ ಹಿಡಿದ ಆ ಸಾಲನ್ನು ಬಿಸಿಲೂ ಬಿಡಿಸಬಲ್ಲದು.

ನೀವೂ ನೋಡಬೇಕೆ? ಬಿಳಿ ಹತ್ತಿ ಬಟ್ಟೆಯ ಎರಡು ತುಂಡುಗಳಿಗೆ ಅರಿಶಿನದ ನೀರು ಹಚ್ಚಿ ಒಣಗಿಸಿ. ಒಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಇನ್ನೊಂದನ್ನು ಬೀರುವಿನೊಳಗೆ ಇಡಿ. ದಿನವೂ ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕಂಡದ್ದನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಿರಿ.