ಬಣ್ಣದ ವೇಷಕ್ಕೆ ವಿಷದ ಬಣ್ಣವೇಕೆ?

(ಉಪನ್ಯಾಸದ ಪಠ್ಯ)



ಜ್ಞಾನಭಾರತಿಯ ನೆರೆಯ ಮಲ್ಲತ್ತಹಳ್ಳಿಯ ಕಲಾಗ್ರಾಮದಂತಹ ರಂಗಮಂದಿರಗಳಲ್ಲಿ ಯಕ್ಷಗಾನವನ್ನು ನೋಡುವ ಬೆಂಗಳೂರಿಗರಿಗೆ ಮುಖವರ್ಣಿಕೆಯ ಹೊಳಪು ಕಾಣುತ್ತದೆ. ಆ ಹೊಳಪು ಹಚ್ಚಿಕೊಂಡವರ ದೇಹಕ್ಕೆ ಏನು ಮಾಡುತ್ತದೆಂಬುದು ಚೌಕಿಯಾಚೆ ಚರ್ಚೆಯಾಗುವುದು ಅಪರೂಪ.

ಪರಂಪರೆಯಿಂದ ಬಂದ ಈ ಬಣ್ಣಗಳಲ್ಲಿ ಹೆಚ್ಚಿನವು ಖನಿಜಗಳು. ಕೆಂಪಿಗೆ ಇಂಗಳೀಕ, ಅದು ಪಾದರಸ ಮತ್ತು ಗಂಧಕದ ಸಂಯುಕ್ತ. ಹಳದಿಗೆ ಅರದಾಳ, ಅದು ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಭೂತಕೋಲದಲ್ಲಿ ಮುಖಕ್ಕೆ ಬಳಿಯುತ್ತಿದ್ದುದೂ ಇದನ್ನೇ. ಬಿಳಿಗೆ ಸಫೇತ, ಅದು ಸತುವಿನ ಆಕ್ಸೈಡ್ ಆಗಿದ್ದರೆ ಅಪಾಯ ಕಡಿಮೆ, ಸೀಸದ ಬಿಳಿಯಾಗಿದ್ದರೆ ನಂಜು. ಇಂದು ಸಿದ್ಧ ಬಣ್ಣಗಳು ಬಂದಿವೆಯಾದರೂ ಹಳೆಯ ಬಣ್ಣದ ಮೋಹ ಪೂರ್ತಿ ಅಳಿದಿಲ್ಲ.

ಇಂಗಳೀಕ, ಅರದಾಳಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಂದು ರಾತ್ರಿಯ ಲೇಪನದಿಂದ ತೊಂದರೆ ಕಾಣದಿರುವುದು ಅದರಿಂದಲೇ. "ಅಜ್ಜಂದಿರೂ ಹಚ್ಚಿಕೊಂಡಿದ್ದರಲ್ಲ" ಎಂಬ ಮಾತಿಗೆ ಬಲ ಬಂದುದೂ ಅದರಿಂದಲೇ. ಆದರೆ ಬೆಳಕು, ತೇವಗಳಿಗೆ ಒಡ್ಡಿದ ಅರದಾಳದ ಅಂಶವು ಕ್ರಮೇಣ ಕರಗಬಲ್ಲ ಪಾಷಾಣವಾಗುತ್ತದೆ. ಅರೆಯುವಾಗಿನ ಧೂಳು ಉಸಿರಿನೊಡನೆ, ತುಟಿಯ ಬಣ್ಣ ಎಂಜಲಿನೊಡನೆ ಒಳಸೇರುತ್ತದೆ. ಮೇಳದ ಕಲಾವಿದನಿಗೋ ಇದು ಒಂದು ರಾತ್ರಿಯ ಮಾತಲ್ಲ. ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ, ಸುಮಾರು 6 ತಿಂಗಳ ತಿರುಗಾಟ. ಆರ್ಸೆನಿಕ್ ವರ್ಷಗಟ್ಟಲೆ ದೇಹ ಸೇರಿದರೆ ಚರ್ಮದಲ್ಲಿ ಕಪ್ಪು ಮಚ್ಚೆಗಳೇಳುತ್ತವೆ, ಅಂಗೈ ಗಡಸಾಗುತ್ತದೆ, ಕ್ಯಾನ್ಸರ್ ಕೂಡ ಬರಬಹುದು. ಪಾದರಸವು ಮೂತ್ರಪಿಂಡ ಮತ್ತು ನರಗಳನ್ನು ಕೆಡಿಸುತ್ತದೆ. ಒರೆಸಿ ತೊಳೆದ ಬಣ್ಣವು ತೋಡಿಗೆ ಸೇರಿದರೂ ಲೋಹ ನಾಶವಾಗುವುದಿಲ್ಲ.

ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸಿ ಪ್ರಸಾಧನಗಳನ್ನು ತಯಾರಿಸುವುದನ್ನು 2020ರ ಭಾರತದ ಪ್ರಸಾಧನ ನಿಯಮಗಳು ನಿಷೇಧಿಸುತ್ತವೆ. ಆದರೆ ಗ್ರಂಧಿಗೆ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಟ್ಟ ಪುಡಿಯ ಪೊಟ್ಟಣದ ಮೇಲೆ ಒಳಗಿರುವುದೇನೆಂದು ಬರೆದಿರುವುದಿಲ್ಲ.

ಹಾಗೆಂದು ಖನಿಜವೆಲ್ಲವೂ ವಿಷವಲ್ಲ. ಕಬ್ಬಿಣದ ಆಕ್ಸೈಡುಗಳು ಕೆಂಪು, ಹಳದಿ, ಕಪ್ಪು ಬಣ್ಣಗಳನ್ನು ಕೊಡುತ್ತವೆ; ಸತುವಿನ ಮತ್ತು ಟೈಟಾನಿಯಂನ ಆಕ್ಸೈಡುಗಳು ಬಿಳಿಯನ್ನು ಕೊಡುತ್ತವೆ. ಪ್ರಸಾಧನಕ್ಕೆಂದೇ ಶುದ್ಧೀಕರಿಸಿದವು ಇವುಗಳಲ್ಲಿ ಸುರಕ್ಷಿತ. ಗುಡ್ಡದಿಂದ ಅಗೆದು ತಂದ ಕೆಮ್ಮಣ್ಣಿನಲ್ಲಿ ಬೇರೆ ಲೋಹಗಳು ಬೆರೆತಿರಬಹುದು. ಆದ್ದರಿಂದ "ನೈಸರ್ಗಿಕ" ಎಂಬ ಮಾತೊಂದೇ ಸುರಕ್ಷತೆಯ ಪ್ರಮಾಣವಲ್ಲ.

ಕಬ್ಬಿಣದ ಕೆಂಪಿಗೆ ಇಂಗಳೀಕದ ಉಜ್ವಲತೆ ಇಲ್ಲ, ನಿಜ. ಆ ಕೊರತೆಯನ್ನು ಇಂದಿನ ರಂಗದ ಬೆಳಕು ತುಂಬಬಲ್ಲದು; ಕಲಾವಿದನ ಆರೋಗ್ಯಕ್ಕೆ ಅಂತಹ ಬದಲಿಯಿಲ್ಲ. ಆಟ ಆಡಿಸುವವರು ವಿವರ ನಮೂದಿಸಿದ ಬಣ್ಣಗಳನ್ನೇ ಕೊಂಡು, ಅದರ ವೆಚ್ಚವನ್ನು ಕಲಾವಿದನ ಮೇಲೆ ಹೊರಿಸದೆ ಆಟದ ಖರ್ಚಿಗೆ ಸೇರಿಸಲಿ.