ಮಗ ಈಗ ಎಲ್ಲಿ ಓದ್ತಿದಾನೆ?

ಕಳೆದ ವರ್ಷ ನಮ್ಮ ಸಂಘದ ದೀಪಾವಳಿಯಲ್ಲಿ, ಊಟದ ಸಾಲಿನಲ್ಲಿ ಒಬ್ಬರು ಕೇಳಿದರು, "ಮಗ ಈಗ ಎಲ್ಲಿ ಓದ್ತಿದಾನೆ ಸರ್?" ಅವನು ಬಿಟ್ಟು ಬಂದಿದ್ದ ಯೂನಿವರ್ಸಿಟಿಯ ಹೆಸರನ್ನೇ ಹೇಳಿಬಿಟ್ಟೆ. ಹಿಂದೆಯೇ ತಟ್ಟೆ ಹಿಡಿದು ಅವನು ನಿಂತಿದ್ದ. ಊಟ ಮಾಡದೆ ಹೋಗಿ ಕಾರಿನಲ್ಲಿ ಕೂತ. ಮನೆ ಮುಟ್ಟಿದ ಮೇಲೆ ಕೇಳಿದ, "ಅಪ್ಪ, ನಾನು ದಿನಾ ಹೋಗೋ ಕಾಲೇಜಿನ ಹೆಸರು ಹೇಳೋಕೆ ನಿಮಗೆ ಅಷ್ಟು ನಾಚಿಕೆನಾ?"

ಅವನನ್ನು ಕೇಳಿಯೇ ಇವತ್ತು ಇದನ್ನು ಹೇಳುತ್ತಿದ್ದೇನೆ.

ಬೇರೆ ರಾಜ್ಯದ ದೊಡ್ಡ ಯೂನಿವರ್ಸಿಟಿ. ಮೊದಲ ಸೆಮಿಸ್ಟರಿನಲ್ಲೇ ಕ್ಯಾಲ್ಕುಲಸ್‌ನಲ್ಲಿ ಫೇಲು. ರೂಮು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದ. ಚಳಿಗಾಲದ ರಜೆಗೆ ಬಂದಾಗಲೇ ನಮಗೆ ಗೊತ್ತಾದದ್ದು. ನಾನು ಮೊದಲು ಯೋಚಿಸಿದ್ದು ಜನ ಏನಂತಾರೆ ಅಂತ. ನನ್ನ ಹೆಂಡತಿ, "ಮೊದಲು ಮಗು ಮನೇಲಿರಲಿ" ಅಂದಳು. ಹೀಗೆ ಅವನು ಕಮ್ಯೂನಿಟಿ ಕಾಲೇಜು ಸೇರಿದ.

ನಾನು ಯಾರು ಗೊತ್ತೇ? ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದವನು. ಕ್ಲಾಸಿನಲ್ಲಿ ನಮ್ಮನ್ನು "ಡಿಪ್ಲೊಮಾದವರು" ಅಂತ ಬೇರೆ ಇಡುತ್ತಿದ್ದರು. ಅದೆಷ್ಟು ಚುಚ್ಚುತ್ತಿತ್ತು ಅಂತ ನನಗೆ ಗೊತ್ತು. ಮಗನಿಗೆ ಮಾತ್ರ ಯಾವತ್ತೂ ಹೇಳಿರಲಿಲ್ಲ. ಆ ದೀಪಾವಳಿಯ ರಾತ್ರಿ ಹೇಳಿದೆ.

ಈಗ ನಾವು ಎಡವಿ ಕಲಿತ ಕೆಲವು ವಿಷಯ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಆದರೆ ಹಳೆಯ ಗ್ರೇಡು ಅಳಿಸಿಹೋಗುತ್ತದೆ ಅಂದುಕೊಳ್ಳಬೇಡಿ. ಮುಂದೆ ಅರ್ಜಿ ಹಾಕುವಾಗ ಓದಿದ ಎಲ್ಲ ಕಾಲೇಜಿನ ವಿವರವನ್ನೂ ಕೊಡಬೇಕು. ಮುಚ್ಚಿಟ್ಟರೆ, ಸಿಕ್ಕ ಸೀಟೂ ಹೋಗಬಹುದು. ಯಾವ ಕೋರ್ಸು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ 'ಅಸಿಸ್ಟ್' ಜಾಲತಾಣದಲ್ಲಿ ನೋಡಬಹುದು, ಆದರೆ ಅದು ಈ ರಾಜ್ಯದ ಸರ್ಕಾರಿ ಕಾಲೇಜುಗಳಿಗೆ ಮಾತ್ರ. ಹೊರಗಿನಿಂದ ತಂದ ಕೋರ್ಸುಗಳಿಗೆ ಕೌನ್ಸೆಲರ್ ಎದುರು ಕೂರಲೇಬೇಕು. ನಾವು ಹಾಗೆ ಕೂರದೆ, ಒಂದು ಕೋರ್ಸನ್ನು ಅವನು ಸುಮ್ಮನೆ ಎರಡನೇ ಸಲ ಓದಿದ.

ಇನ್ನು 'ಟ್ಯಾಗ್'. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ಷರತ್ತು ಪೂರೈಸಿದವರಿಗೆ ಸೀಟು ಖಾತ್ರಿ ಕೊಡುತ್ತವೆ. ಬರ್ಕ್ಲಿ ಈ ಪಟ್ಟಿಯಲ್ಲಿಲ್ಲ (ನಮ್ಮವರು ಮೊದಲು ಕೇಳುವುದೇ ಅದನ್ನು!). ನಾಲ್ಕು ವರ್ಷದ ಕಾಲೇಜಿನಿಂದ ಬಂದವರೂ ಕಮ್ಯೂನಿಟಿ ಕಾಲೇಜಿನಲ್ಲೇ 30 ಸೆಮಿಸ್ಟರ್ ಯೂನಿಟ್ ಮುಗಿಸಿರಬೇಕು. ಒಂದೇ ಕ್ಯಾಂಪಸ್ಸಿಗೆ, ಸೆಪ್ಟೆಂಬರಿನಲ್ಲಿ ಅರ್ಜಿ.

ಎಫ್-1 ವೀಸಾದ ಮಕ್ಕಳು ಹಳೆ ಕಾಲೇಜು ಬಿಡುವ ಮುಂಚೆಯೇ ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೇಳಿ ಸೆವಿಸ್ ದಾಖಲೆ ವರ್ಗಾಯಿಸಿಕೊಳ್ಳಬೇಕು. ಎಚ್-4 ಮಕ್ಕಳಿಗೆ 21 ತುಂಬುವ ಚಿಂತೆ ಬೇರೆ. ಅದನ್ನು ವಕೀಲರನ್ನೇ ಕೇಳಿ.

ಮಗ ಈ ಸೆಪ್ಟೆಂಬರಿನಲ್ಲಿ ಡೇವಿಸ್‌ಗೆ ಟ್ಯಾಗ್ ಹಾಕಿದ್ದಾನೆ. ಕ್ಯಾಲ್ಕುಲಸ್ ಮತ್ತೆ ತೆಗೆದುಕೊಂಡು 'ಬಿ' ಪಡೆದ. ಇವತ್ತು ಹೊರಗೆ ಸ್ವಯಂಸೇವಕರ ಜೊತೆ ಊಟ ಬಡಿಸುತ್ತಿದ್ದಾನೆ. ಎಲ್ಲಿ ಓದ್ತಿದೀಯಪ್ಪ ಅಂತ ಅವನನ್ನೇ ಕೇಳಿ.