ಏಟನ್ನು ಮುತ್ತೆಂದ ಹಾಡು

(ಮಹಿಳಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



"ಪ್ರೀತಿ ಇರೋದಕ್ಕೇ ಹೊಡೀತಾನೆ." ಈ ಮಾತನ್ನು ನಾವು ಅಮ್ಮನ ಬಾಯಲ್ಲಿ ಕೇಳಿದ್ದೇವೆ, ಅತ್ತೆಯ ಬಾಯಲ್ಲಿ ಕೇಳಿದ್ದೇವೆ. ದೂರು ಕೊಡಲು ಹೋದಾಗ ಠಾಣೆಯಲ್ಲೂ ಕೇಳಿದ್ದೇವೆ. ಎಲ್ಲಕ್ಕಿಂತ ಕಷ್ಟವೆಂದರೆ, ಏಟು ತಿಂದವಳ ಬಾಯಲ್ಲೇ ಕೇಳಿದ್ದೇವೆ. ಇದು ನಮ್ಮ ಹಳ್ಳಿಗಳ, ನಮ್ಮ ಬಡತನದ ಮಾತು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ ಎಂಬುದಕ್ಕೆ ಇವತ್ತು ಅಮೆರಿಕದ ಒಂದು ಹಾಡಿನ ಕತೆ ಹೇಳುತ್ತೇನೆ.

1962ನೇ ಇಸವಿ. ರಾಕ್ ಸಂಗೀತ ಇನ್ನೂ ಎಳೆಯದು. ನ್ಯೂಯಾರ್ಕಿನಲ್ಲಿ ಜೆರ್ರಿ ಗಾಫಿನ್ ಮತ್ತು ಕ್ಯಾರೊಲ್ ಕಿಂಗ್ ಎಂಬ ಗಂಡ ಹೆಂಡತಿ ಹಾಡು ಕಟ್ಟಿ ಸಂಸಾರ ನಡೆಸುತ್ತಿದ್ದರು. ಪದ ಅವನದು, ರಾಗ ಅವಳದು. ಅವರ ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಈವಾ ಬಾಯ್ಡ್ ಎಂಬ ಹದಿಹರೆಯದ ಕಪ್ಪು ಹುಡುಗಿ ಬರುತ್ತಿದ್ದಳು. ಅದೇ ವರ್ಷ 'ಲಿಟ್ಲ್ ಈವಾ' ಎಂಬ ಹೆಸರಿನಲ್ಲಿ 'ದಿ ಲೋಕೋ-ಮೋಶನ್' ಹಾಡಿ ದೇಶಕ್ಕೆಲ್ಲ ಪರಿಚಿತಳಾದವಳು ಇವಳೇ. ಅವಳ ಪ್ರಿಯಕರ ಅವಳಿಗೆ ಹೊಡೆಯುತ್ತಿದ್ದ. ಇದನ್ನು ತಿಳಿದ ದಂಪತಿಗಳು ಯಾಕೆ ಸಹಿಸುತ್ತೀಯೆ ಎಂದು ಕೇಳಿದರು. ನನ್ನ ಮೇಲಿನ ಪ್ರೀತಿಯಿಂದಲೇ ಹೊಡೆಯುತ್ತಾನೆ ಎಂದಳು ಈವಾ. ಬೆಚ್ಚಿಬಿದ್ದ ಅವರು ಆ ಮಾತಿನಿಂದ ಒಂದು ಹಾಡು ಮಾಡಿದರು: 'ಹಿ ಹಿಟ್ ಮಿ ಅಂಡ್ ಇಟ್ ಫೆಲ್ಟ್ ಲೈಕ್ ಎ ಕಿಸ್'. ಅವನು ಹೊಡೆದ, ನನಗದು ಮುತ್ತಿನಂತಿತ್ತು ಎಂದು ಅರ್ಥ.

ಹಾಡಿನ ಹುಡುಗಿ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ತಾನು ಬೇರೊಬ್ಬನ ಜೊತೆ ಹೋಗಿದ್ದೆ, ಅದಕ್ಕೇ ಹೊಡೆದ, ಪ್ರೀತಿ ಇಲ್ಲದಿದ್ದರೆ ಅವನಿಗೆ ಸಿಟ್ಟಾದರೂ ಯಾಕೆ ಬರಬೇಕು ಎನ್ನುತ್ತಾಳೆ. ನಮ್ಮ ಆಪ್ತ ಸಮಾಲೋಚನೆಗೆ ಬರುವ ಎಷ್ಟೋ ಹೆಂಗಸರ ತರ್ಕವೂ ಇದೇ ಅಲ್ಲವೇ? ಸಾರಿಗೆ ಉಪ್ಪು ಕಡಿಮೆಯಾಗಿತ್ತು, ತವರಿಗೆ ಹೇಳದೆ ಹೋಗಿದ್ದೆ, ಎದುರು ಮಾತಾಡಿದೆ ಎನ್ನುತ್ತಾರೆ. ಏಟಿಗೆ ಕಾರಣವನ್ನು ಅವಳೇ ಹುಡುಕಿ ಕೊಟ್ಟರೆ ಹೊಡೆದವನು ಏನನ್ನೂ ಹೇಳಬೇಕಾಗಿಲ್ಲ.

ಇದನ್ನು ಹಾಡಿದವರು 'ದಿ ಕ್ರಿಸ್ಟಲ್ಸ್' ಎಂಬ ಕಪ್ಪು ಹುಡುಗಿಯರ ತಂಡ. ಅವರಿಗೆ ಹಾಡು ಹಿಡಿಸಿರಲಿಲ್ಲ. ಆದರೆ ಏನು ಹಾಡಬೇಕೆಂದು ತೀರ್ಮಾನಿಸುತ್ತಿದ್ದವನು ನಿರ್ಮಾಪಕ ಫಿಲ್ ಸ್ಪೆಕ್ಟರ್. ತಂಡದ ಹೆಸರು ಕೂಡ ಅವನ ಕೈಯಲ್ಲಿತ್ತು. ಅದೇ ವರ್ಷ ಮೊದಲ ಸ್ಥಾನಕ್ಕೇರಿದ 'ಹೀಸ್ ಎ ರೆಬೆಲ್' ಹಾಡನ್ನು ಡಾರ್ಲೀನ್ ಲವ್ ಅವರಿಂದ ಹಾಡಿಸಿ ಕ್ರಿಸ್ಟಲ್ಸ್ ಹೆಸರಿನಲ್ಲಿ ಮಾರಿದ. ಒಬ್ಬಳ ಗಾಯ, ಇನ್ನೊಬ್ಬಳ ದನಿ, ಹಣ ಮತ್ತು ಅಧಿಕಾರ ಗಂಡಸಿನದು.

ಮುತ್ತಿನ ಹಾಡು ಹೊರಬಂದಾಗ ಕೇಳುಗರು ಪ್ರತಿಭಟಿಸಿದರು. ರೇಡಿಯೋ ಕೇಂದ್ರಗಳು ಹಿಂಜರಿದವು, ರೆಕಾರ್ಡನ್ನು ಹಿಂದಕ್ಕೆ ಪಡೆಯಲಾಯಿತು. ಒಳ್ಳೆಯದೇ ಆಯಿತು ಎನ್ನಬಹುದು. ಆದರೆ ಯೋಚಿಸಿ. ಏಟಿನ ಹಾಡು ನಿಂತಿತು, ಏಟು ನಿಂತಿತೇ? ರಾತ್ರೋರಾತ್ರಿ ಮನೆ ಬಿಟ್ಟು ಬಂದ ಹೆಣ್ಣಿಗೆ ಬಾಗಿಲು ತೆರೆಯುವ ಆಶ್ರಯಧಾಮಗಳು ಅಲ್ಲಿ ಹುಟ್ಟಿದ್ದು 1970ರ ದಶಕದಲ್ಲಿ, ಹೆಂಗಸರ ಹೋರಾಟದಿಂದ. ಮಿನ್ನೆಸೋಟಾದ ಸೇಂಟ್ ಪಾಲ್ ನಗರದಲ್ಲಿ 1974ರಲ್ಲಿ ತೆರೆದದ್ದು ಮೊದಲಿನವುಗಳಲ್ಲಿ ಒಂದು. ಕಿವಿಗೆ ಅಸಹ್ಯವಾದದ್ದನ್ನು ಸಮಾಜ ಬೇಗ ನಿಲ್ಲಿಸುತ್ತದೆ. ಗೋಡೆಯಾಚೆ ನಡೆಯುವುದಕ್ಕೆ ಮಾತ್ರ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಸುಮ್ಮನಾಗುತ್ತದೆ.

ಆ ಹಾಡಿಗೆ ಕೈಹಚ್ಚಿದವರ ಮುಂದಿನ ಬಾಳನ್ನೂ ನೋಡಿ. ಸ್ಪೆಕ್ಟರ್ 1968ರಲ್ಲಿ ಗಾಯಕಿ ರಾನಿಯನ್ನು ಮದುವೆಯಾದ. ಬಂಗಲೆಯಲ್ಲಿ ಕೂಡಿಹಾಕಿ, ಓಡಿಹೋಗದಂತೆ ತನ್ನ ಚಪ್ಪಲಿಗಳನ್ನೂ ಕಿತ್ತಿಟ್ಟುಕೊಂಡಿದ್ದ ಎಂದು ಆಕೆ 1990ರ ಆತ್ಮಕತೆಯಲ್ಲಿ ಬರೆದರು. 1972ರಲ್ಲಿ ತಾಯಿಯ ನೆರವಿನಿಂದ ಬರಿಗಾಲಲ್ಲೇ ಹೊರಬಂದರು. 2003ರಲ್ಲಿ ಅದೇ ಸ್ಪೆಕ್ಟರನ ಮನೆಯಲ್ಲಿ ನಟಿ ಲಾನಾ ಕ್ಲಾರ್ಕ್ಸನ್ ಗುಂಡೇಟಿನಿಂದ ಸತ್ತರು. 2009ರಲ್ಲಿ ಅವನ ಮೇಲಿನ ಕೊಲೆ ಆರೋಪ ಸಾಬೀತಾಯಿತು. 2021ರಲ್ಲಿ ಸಾಯುವಾಗಲೂ ಅವನು ಕೈದಿಯಾಗಿದ್ದ.

ಇನ್ನು ಕ್ಯಾರೊಲ್ ಕಿಂಗ್. ಹೆಸರು, ಹಣ, ವಿದ್ಯೆ ಎಲ್ಲ ಇದ್ದ ಈಕೆಯನ್ನು ಮೂರನೆಯ ಗಂಡ ಹೊಡೆಯುತ್ತಿದ್ದ. ಆದರೂ ಕೂಡಲೇ ಬಿಟ್ಟು ಹೊರಡಲಾಗಲಿಲ್ಲ. 2012ರ ತಮ್ಮ ಆತ್ಮಕತೆಯಲ್ಲಿ ಇದನ್ನು ಅವರೇ ಬರೆದಿದ್ದಾರೆ. ಆ ಹಾಡಿನಲ್ಲಿ ತಮಗೆ ಪಾಲಿರಬಾರದಿತ್ತು ಎಂದೂ ಮುಂದೆ ಹೇಳಿದರು. ಈವಾಳಿಗೆ ಹಾಕಿದ "ಯಾಕೆ ಸಹಿಸುತ್ತೀಯೆ" ಎಂಬ ಪ್ರಶ್ನೆ ಒಂದು ದಿನ ತಮ್ಮ ಮುಂದೆಯೂ ಬಂದು ನಿಲ್ಲುತ್ತದೆಂದು 1962ರಲ್ಲಿ ಅವರಿಗೆ ಹೇಗೆ ಗೊತ್ತಿರಬೇಕು?

ನಮ್ಮಲ್ಲಿ ಏನಾಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏಳು ಕಾರಣಗಳನ್ನು ಮುಂದಿಟ್ಟು ಕೇಳಿತು. ಅಡುಗೆ ಸರಿಯಿಲ್ಲ, ಹೇಳದೆ ಹೊರಗೆ ಹೋದಳು, ಅತ್ತೆ ಮಾವನಿಗೆ ಗೌರವ ಕೊಡಲಿಲ್ಲ ಎಂಬಂಥವು. ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆದರೆ ತಪ್ಪಿಲ್ಲ ಎಂದ ಹೆಂಗಸರು ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77. ಗಂಡಸರು ಸುಮಾರು 82. ಸುಟ್ಟಗಾಯದ ವಾರ್ಡಿನಲ್ಲಿ ಮಲಗಿ "ಸ್ಟೌ ಸಿಡಿಯಿತು" ಎಂದವರ ಮಾತನ್ನು ಹಾಗೆಯೇ ಬರೆದುಕೊಂಡು ಮುಚ್ಚಿದ ಕಡತಗಳು ಎಷ್ಟೋ. ಆ ಮಾತಿನ ಹಿಂದೆ ಮಕ್ಕಳಿದ್ದಾರೆ, ತವರಿನ ಸಾಲವಿದೆ, ಬದುಕಿದರೆ ಎಲ್ಲಿಗೆ ಹೋಗುವುದೆಂಬ ಭಯವಿದೆ.

ಹಾಗಾಗಿ ಅವಳ ಮಾತನ್ನು ಕೇಳೋಣ, ಆದರೆ ಅಲ್ಲಿಗೇ ನಿಲ್ಲುವುದು ಬೇಡ. "ಪ್ರೀತಿಯಿಂದ ಹೊಡೆದ" ಎಂದವಳನ್ನು ದಡ್ಡಿ ಎನ್ನುವುದೂ ಬೇಡ. ಯಾಕೆ ಸಹಿಸುತ್ತೀಯೆ ಎನ್ನುವ ಬದಲು ಇವತ್ತು ರಾತ್ರಿ ಎಲ್ಲಿ ಮಲಗುತ್ತೀಯೆ, ಮಕ್ಕಳು ಯಾರ ಹತ್ತಿರ ಇದ್ದಾರೆ, ಗಾಯವನ್ನು ಡಾಕ್ಟರಿಗೆ ತೋರಿಸಿ ಬರೆಸಿದ್ದೀಯಾ ಎಂದು ಕೇಳೋಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅವಳಿಗೆ ಗಂಡನ ಮನೆಯಲ್ಲೇ ಇರುವ ಹಕ್ಕು ಕೊಟ್ಟಿದೆ. ಮದುವೆಯಾಗದೆ ಸಂಸಾರದಂತೆ ಒಟ್ಟಿಗೆ ಬಾಳಿದವಳಿಗೂ ಅದರ ರಕ್ಷಣೆ ಇದೆ. ಸಂರಕ್ಷಣಾಧಿಕಾರಿಯ ಬಳಿಗೆ ಅವಳೊಬ್ಬಳನ್ನೇ ಕಳಿಸದೆ ಜೊತೆಗೆ ಹೋಗೋಣ. 181 ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಹೆಣ್ಣುಮಗಳಿಗೂ ಬಾಯಿಪಾಠ ಮಾಡಿಸೋಣ.

ಈವಾ ಹೇಳಿದ್ದನ್ನು ಕೇಳಿದವರು ಹಾಡು ಕಟ್ಟಿದರು. ನಮ್ಮ ಬಳಿ ಬಂದು ಹೇಳುವವಳಿಗೆ ನಾವು ಬಾಗಿಲು ತೆರೆಯಬೇಕು.